ಮೂರನೇ ಗೇಟಿನ ಅಳಿಯ

ಕಬ್ಬಿಣಕ್ಕೆ ಬಾಯಿ ಬಂದರೆ ಅದು ಮೊದಲು ಯಾರ ಮೇಲೆ ಚಾಡಿ ಹೇಳೀತು? ತನ್ನನ್ನು ಕಾಯಿಸಿ ಬಡಿದ ಕಮ್ಮಾರನ ಮೇಲೋ, ದುಡಿಸಿಕೊಂಡು ಮೂಲೆಗೆಸೆದ ಧಣಿಯ ಮೇಲೋ? ಬೇರೆ ಕಡೆ ಇದು ಹೊತ್ತು ಕಳೆಯುವ ಪ್ರಶ್ನೆ. ಹುಬ್ಬಳ್ಳಿಯ ಲೋಹಚರಿತ್ರೆ ಕೇಂದ್ರದಲ್ಲಿ ಮಾತ್ರ ಕಬ್ಬಿಣಕ್ಕೆ ನಿಜವಾಗಿಯೂ ಬಾಯಿ ಬಂದು ಆರು ವರ್ಷವಾಗಿತ್ತು. ಅದು ಹೇಳಿದ್ದನ್ನು ಬರೆದುಕೊಳ್ಳುವುದು ಕಸ್ತೂರಿಯ ಕೆಲಸ.

ಲೋಹವೆಂದರೆ ಒಳಗೆ ಕಣ್ಣಿಗೆ ಕಾಣದ ಹರಳುಗಳ ಸಂತೆ. ಎಳೆದರೆ, ತಿರುಚಿದರೆ, ಭಾರ ಹೇರಿದರೆ ಆ ಹರಳುಗಳೊಳಗಿನ ಸಾಲುಗಳು ಇಷ್ಟಿಷ್ಟೇ ಜರುಗುತ್ತವೆ. ಭಾರ ತೆಗೆದ ಮೇಲೆ ಹಿಂದಕ್ಕೆ ಬರುತ್ತವೆ, ಆದರೆ ಪೂರ್ತಿ ಬರುವುದಿಲ್ಲ. ಹಾಗೆ ಉಳಿದುಹೋದ ಜರುಗುಗಳನ್ನು ಒಂದರ ಮೇಲೊಂದು ಕೂತ ಪದರಗಳಂತೆ ಹೊಸದರಿಂದ ಹಳೆಯದರತ್ತ ಓದುವ ಯಂತ್ರ ಕೇಂದ್ರದ ನೆಲಮಾಳಿಗೆಯಲ್ಲಿತ್ತು. ಅದರ ಹೆಸರು ಸ್ಮೃತಿವಾಚಕ. ಒಂದು ಸಲಕರಣೆಯನ್ನು ಅದರೊಳಗೆ ಮಲಗಿಸಿದರೆ ಹತ್ತು ದಿನದಲ್ಲಿ ಅದನ್ನು ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ತೂಕ ಹೇರಿ ಬಳಸಿದ್ದರು ಎಂಬುದರ ನಕ್ಷೆ ಹೊರಗೆ ಬರುತ್ತಿತ್ತು.

ಇದರಿಂದ ಕೆಲವರ ಮಾನ ಹೋದದ್ದೂ ಉಂಟು. ಯಾವುದೋ ವಸ್ತುಸಂಗ್ರಹಾಲಯದಲ್ಲಿ ರಾಜಮುದ್ರೆಯ ಹಿಡಿಕೆ ಎಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಕಂಚಿನ ಗೂಟವನ್ನು ಯಂತ್ರ ಓದಿ, ಹಲ್ಲಿಲ್ಲದ ಯಾರೋ ಇಪ್ಪತ್ತು ವರ್ಷ ಎಲೆ ಅಡಿಕೆ ಕುಟ್ಟಿದ್ದು ಎಂದು ಹೇಳಿಬಿಟ್ಟಿತ್ತು. ಆ ಹಿಡಿಕೆಯ ಮೇಲೆ ಪುಸ್ತಕ ಬರೆದಿದ್ದ ವಿದ್ವಾಂಸರು ಅಂದಿನಿಂದ ಕೇಂದ್ರದ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದರು.

ಸೆಪ್ಟೆಂಬರಿನಲ್ಲಿ ಹುಲಿಗೊಳ್ಳ ಜಲಾಶಯದಿಂದ ಒಂದು ಪೆಟ್ಟಿಗೆ ಬಂತು. ಹಳೆಯ ಅಣೆಕಟ್ಟೆಯನ್ನು ಕೆಲಸದಿಂದ ಬಿಡಿಸಿ, ಅದರ ಗೇಟುಗಳ ಮನೆಯನ್ನು ಪ್ರದರ್ಶನಾಲಯ ಮಾಡಲು ಹೊರಟಿದ್ದರು. ಮೂರನೇ ಗೇಟಿನ ಹಲ್ಲುಚಕ್ರದ ಗುಂಡಿಯಲ್ಲಿ ಕೆಸರು ತೆಗೆಯುವಾಗ ಸಿಕ್ಕ ಸಾಮಾನು ಅದು. ಒಂದು ಮೊಳ ಉದ್ದ, ಒಂದು ತುದಿ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆ, ಇನ್ನೊಂದು ತುದಿಯಲ್ಲಿ ಕೊಳವೆ ತೂರಿಸಬಹುದಾದ ಗೂಡು. ಅಣೆಕಟ್ಟೆಯ ನಕಾಶೆಗಳಲ್ಲಿ ಇಂಥದೊಂದು ಇರಲಿಲ್ಲ. ದಾಸ್ತಾನು ಪುಸ್ತಕದಲ್ಲೂ ಇರಲಿಲ್ಲ. ಪುಸ್ತಕದಲ್ಲಿಲ್ಲದ ಸಾಮಾನು ಇಲಾಖೆಯ ಕಣ್ಣಿಗೆ ಸಾಮಾನೇ ಅಲ್ಲ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಊರಿನ ಹೆಸರಿನ ಕೆಳಗೆ ‘ಉಪಯೋಗ ತಿಳಿದಿಲ್ಲ, ಫಲಕಕ್ಕೆ ಎರಡು ಸಾಲು ಬೇಕು’ ಎಂದಷ್ಟೇ ಬರೆದಿತ್ತು.

ಆ ಊರಿನ ಹೆಸರನ್ನು ಕಸ್ತೂರಿ ಮತ್ತೊಮ್ಮೆ ಓದಿದಳು. ಅವಳ ಅಪ್ಪ ಲಗಮಣ್ಣ ಅದೇ ಹುಲಿಗೊಳ್ಳದ ಗೇಟಿನವನಾಗಿದ್ದ. ನಲವತ್ತು ವರ್ಷದ ಹಿಂದೆ ಹೊಳೆ ಏರಿದ ದಿನ ಅವನು ಮೂರನೇ ಗೇಟನ್ನು ಬಿಟ್ಟು ಓಡಿದ, ಗೇಟು ಬಿದ್ದು ನೀರು ಕಟ್ಟಿಕೊಂಡಿತು, ಎಡದಂಡೆಯ ಮಣ್ಣಿನ ಏರಿ ಒಡೆದು ಅದರ ಕೆಳಗಿನ ಮಡ್ಡಿಕೇರಿಯ ಏಳು ಜನ ಸತ್ತರು ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿತ್ತು. ಕೆಲಸ ಹೋಯಿತು, ಊರು ಹೋಯಿತು. ಹುಬ್ಬಳ್ಳಿಗೆ ಬಂದು ಸೈಕಲ್ ರಿಪೇರಿ ಮಾಡಿಕೊಂಡು ಬದುಕಿದ ಅವನು ತೀರಿಕೊಂಡೇ ಹತ್ತೊಂಬತ್ತು ವರ್ಷವಾಗಿತ್ತು. ಕಸ್ತೂರಿಯ ಮದುವೆಯ ಮಾತು ಎರಡು ಸಲ ಮುರಿದದ್ದು ‘ಗೇಟ ಬಿಟ್ಟ ಓಡಿದಂವನ ಮಗಳು’ ಎಂಬ ಒಂದೇ ಮಾತಿಗೆ. ಹುಲಿಗೊಳ್ಳದ ಸುದ್ದಿ ಎತ್ತಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಅವನು ಓಡಿದ್ದು ನಿಜವೋ ಸುಳ್ಳೋ ಎಂದು ಕೇಳುವ ಧೈರ್ಯ ಅವಳಿಗೆ ಕೊನೆಯ ತನಕವೂ ಬರಲಿಲ್ಲ.

ಈ ಸಂಬಂಧವನ್ನು ಅವಳು ನಿರ್ದೇಶಕರಿಗೆ ಅಂದೇ ಹೇಳಬೇಕಾಗಿತ್ತು. ಹೇಳಲಿಲ್ಲ. ಸಾಮಾನನ್ನು ಯಂತ್ರದಲ್ಲಿ ಮಲಗಿಸಿ, ಅದರ ಒಂದು ಫೋಟೋ ತೆಗೆದುಕೊಂಡು ಮನೆಗೆ ಬಂದಳು.

ಅವಳ ತಾಯಿ ಸಾವಂತ್ರೆವ್ವನಿಗೆ ಅರವತ್ತಾರು. ಮಗಳ ಮನೆಯಲ್ಲೇ ಇದ್ದು ಅಡುಗೆಮನೆಯ ಕಾರುಬಾರನ್ನು ಯಾರಿಗೂ ಬಿಟ್ಟುಕೊಡದ ಹೆಂಗಸು. ಅವಳು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಾಗ ಕಸ್ತೂರಿ ಫೋನನ್ನು ಅವಳ ಮುಂದೆ ಹಿಡಿದಳು.

“ಅವ್ವ, ಇದೇನಂತ ಗೊತ್ತೇನ ನಿನಗ?”

ಸಾವಂತ್ರೆವ್ವ ನೋಡಿದಳು. “ಕಬ್ಬಿಣ.”

“ಅದು ನನಗೂ ಕಾಣತೈತಿ. ಎದಕ್ಕ ಬಳಸತಿದ್ರು ಅಂತ ಕೇಳಿದೆ. ಹುಲಿಗೊಳ್ಳದ ಮೂರನೇ ಗೇಟಿನಾಗ ಸಿಕ್ಕೈತಂತ.”

“ಎದಕ್ಕ ಬಳಸಿದ್ರೇನು? ಈಗೇನ ಆ ಗೇಟ ಐತಿ? ನಿಮ್ಮಪ್ಪ ಅದಾನ?” ಎಂದ ತಾಯಿ ಫೋನನ್ನು ಮಗಳ ಕೈಗೆ ದೂಡಿದಳು. “ಎಲ್ಲಿಂದ ಬಂತೋ ಅಲ್ಲಿಗೇ ಹೊಳ್ಳಿ ಕಳಿಸಿಬಿಡು. ಆರಿದ ಬೂದಿ ಕೆದರಬ್ಯಾಡ.”

ಅಂದಿನ ಪಲ್ಯದಲ್ಲಿ ಮೆಂತ್ಯದ ಬೇರೂ ಇತ್ತು, ಉಪ್ಪು ಇರಲಿಲ್ಲ. ತಾಯಿಗೆ ಆ ಸಾಮಾನು ಗೊತ್ತು ಎಂದು ಕಸ್ತೂರಿಗೆ ಖಾತ್ರಿಯಾದದ್ದು ಮಾತಿನಿಂದಲ್ಲ, ಆ ಪಲ್ಯದಿಂದ. ನಲವತ್ತು ವರ್ಷ ತಾನು ಉಂಡ ಅಡುಗೆಯಲ್ಲಿ ಒಮ್ಮೆಯೂ ಉಪ್ಪು ತಪ್ಪಿರಲಿಲ್ಲ.

ಹತ್ತನೆಯ ದಿನ ನಕ್ಷೆ ಬಂತು. ಸಾಮಾನಿನ ಉಪಯೋಗ ಮೊದಲ ಗಂಟೆಯಲ್ಲೇ ತಿಳಿಯಿತು. ಹುಲಿಗೊಳ್ಳದ ಗೇಟುಗಳನ್ನು ಕೈಯಿಂದ ರಾಟೆ ತಿರುವಿ ಎತ್ತಬೇಕಾಗಿತ್ತು. ಎತ್ತಿದ ಗೇಟು ಮತ್ತೆ ಕೆಳಗೆ ಬೀಳದಂತೆ ಹಲ್ಲುಚಕ್ರಕ್ಕೆ ಅಡ್ಡವಾಗಿ ಒಂದು ನಾಲಿಗೆ ಬಂದು ಕೂರುತ್ತದೆ. ಅಣೆಕಟ್ಟೆಯ ಹಳೆಯ ಕಡತಗಳ ಪ್ರಕಾರ ಮೂರನೇ ಗೇಟಿನ ನಾಲಿಗೆ ಸವೆದು ಆಗಾಗ ಜಾರುತ್ತಿತ್ತು. ಹೊಸದನ್ನು ಕಳಿಸಿ ಎಂದು ಬರೆದ ಅರ್ಜಿಗಳು ಕಚೇರಿಯಲ್ಲಿ ಕೊಳೆಯುತ್ತಿದ್ದಾಗ ಯಾರೋ ಊರ ಕಮ್ಮಾರನಿಂದ ಇದನ್ನು ಮಾಡಿಸಿಕೊಂಡಿದ್ದರು. ಕೊಕ್ಕನ್ನು ಚಕ್ರದ ಹಲ್ಲಿಗೆ ಕೊಟ್ಟು, ಗೂಡಿಗೆ ಉದ್ದನೆಯ ಕೊಳವೆ ತೂರಿಸಿ, ಕೊಳವೆಯ ತುದಿಯಲ್ಲಿ ಒಬ್ಬ ಮನುಷ್ಯ ಕೂತರೆ ಚಕ್ರ ಅಲುಗುತ್ತಿರಲಿಲ್ಲ. ಅಷ್ಟರಲ್ಲಿ ನಾಲಿಗೆಯನ್ನು ಸರಿಮಾಡಿ ಕೂರಿಸಬಹುದಿತ್ತು.

ಹನ್ನೊಂದು ಮಳೆಗಾಲಗಳ ಗುರುತು ಅದರಲ್ಲಿತ್ತು. ಪ್ರತಿಸಲ ಒಂದೆರಡು ನಿಮಿಷ, ಪ್ರತಿಸಲ ಅರವತ್ತೆರಡು ಅರವತ್ತಮೂರು ಕಿಲೋ ತೂಕದ ಒಬ್ಬನೇ ಮನುಷ್ಯ. ಅವನು ಕೂರುವಾಗ ಎಡಗಡೆಗೆ ಹೆಚ್ಚು ಭಾರ ಹಾಕುತ್ತಿದ್ದ. ಲಗಮಣ್ಣನೂ ಎಡಗಾಲ ಮೇಲೆ ಭಾರ ಕೊಟ್ಟು ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದ. ಪರದೆಯ ಮೇಲೆ ಅಪ್ಪ ಹನ್ನೊಂದು ವರ್ಷ ಎದ್ದು ಕೂತು ಮಾಡುವುದನ್ನು ನೋಡಿ ಕಸ್ತೂರಿ ನಕ್ಷೆಯನ್ನು ಅಲ್ಲೇ ನಿಲ್ಲಿಸಿದಳು. ಎದ್ದು ಹೋಗಿ ನೀರು ಕುಡಿದು ಬಂದಳು.

ಕೊನೆಯ ಪದರ ಮಾತ್ರ ಬೇರೆ ತರಹ ಇತ್ತು. ಒಂದೇ ಭಾರ, ಬಿಡುವಿಲ್ಲದೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ತೂಕ ನಲವತ್ತಾರು ಕಿಲೋ. ಎರಡು ಗಂಟೆಯ ನಂತರ ಅದು ಐವತ್ತೆರಡಾಗಿ, ಇಪ್ಪತ್ತು ನಿಮಿಷ ಹಾಗೇ ಇದ್ದು, ಮತ್ತೆ ನಲವತ್ತಾರಕ್ಕೆ ಇಳಿದಿತ್ತು. ಯಂತ್ರ ತಾನಾಗಿಯೇ ಬರೆದ ಟಿಪ್ಪಣಿ ಹೀಗಿತ್ತು: ‘ಜಡಭಾರ. ಬಹುಶಃ ಮರಳಿನ ಚೀಲ, ನಡುವೆ ಮಳೆಗೆ ನೆನೆದದ್ದು.’

ನಿರ್ದೇಶಕ ಡಾಕ್ಟರ್ ಗಲಗಲಿಯವರು ಅದನ್ನು ಓದಿ ತಲೆದೂಗಿದರು. ಧಾರವಾಡದವರು, ಎಣಿಸಿ ಮಾತಾಡುವವರು.

“ಸ್ಪಷ್ಟ ಅದ ನೋಡ್ರಿ ಕಸ್ತೂರಿ. ಆ ಗೇಟಿನಂವ ಇದಕ್ಕ ಒಂದು ಚೀಲ ಕಟ್ಟಿ ಹೋಗ್ಯಾನ. ಚೀಲ ಜಾರೇದ, ಗೇಟ ಬಿದ್ದದ. ವಿಚಾರಣಾ ವರದಿಗೂ ಇದಕ್ಕೂ ತಾಳೆ ಆಗತದ. ಫಲಕಕ್ಕ ಎರಡು ಸಾಲು ಬರದುಬಿಡ್ರಿ, ಸೋಮವಾರ ಅವರು ಒಯ್ಲಿಕ್ಕೆ ಬರ್ತಾರ.”

“ನೆನೆದ ಚೀಲ ಇಪ್ಪತ್ತ ನಿಮಿಷದಾಗ ಮತ್ತ ಹೆಂಗ ಒಣಗಿತ್ರಿ ಸರ್?”

“ನೀರು ಸೋರಿರಬೇಕು.”

ಪಂಡಿತರಿಗೆ ಉತ್ತರ ಒಮ್ಮೆ ಹೊಳೆಯಿತೆಂದರೆ ಉಳಿದ ಸಂಗತಿಗಳೇ ಪಾಪ, ಅತ್ತಿತ್ತ ಸರಿದು ಅದಕ್ಕೆ ಜಾಗ ಮಾಡಿಕೊಡಬೇಕು. ಆದರೆ ಕಸ್ತೂರಿಯ ಕಣ್ಣಿಗೆ ಆಗ ಕಂಡದ್ದು ಆ ಫಲಕ. ಗಾಜಿನ ಪೆಟ್ಟಿಗೆಯ ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತನ್ನ ಅಪ್ಪ ಓಡಿದ ಎಂದು ತಾನೇ ಬರೆದುಕೊಡಬೇಕು. ಶಾಲೆಯ ಮಕ್ಕಳು ಸಾಲಾಗಿ ಬಂದು ಓದಬೇಕು.

“ಸರ್, ಆ ಗೇಟಿನಂವ ನಮ್ಮಪ್ಪ,” ಎಂದಳು.

ಗಲಗಲಿಯವರು ಕೈಯಲ್ಲಿದ್ದ ನಕ್ಷೆಯನ್ನು ಮೇಜಿನ ಮೇಲಿಟ್ಟರು. “ಮೊದಲ ಹೇಳಬೇಕಾಗಿತ್ತು.”

“ಹೌದ್ರಿ. ತಪ್ಪಾತು.”

“ಇನ್ನ ನಿಮ್ಮ ಓದು ಲೆಕ್ಕಕ್ಕ ಬರೂದಿಲ್ಲ. ತಂದಿ ಪರವಾಗಿ ಓದಿದ್ರು ಅಂತಾರ. ಸೋಮವಾರದ ತನಕ ಕಚ್ಚಾ ನಕ್ಷೆ ನಿಮ್ಮ ಕಡೆ ಇರಲಿ. ಏನರ ಕಂಡ್ರ ನನಗ ಹೇಳಬ್ಯಾಡ್ರಿ, ಎಲ್ಲೆ ನೋಡಬೇಕು ಅನ್ನೂದಷ್ಟ ಹೇಳ್ರಿ. ನಾನ ಓದತೇನಿ.” ಅದು ಸಿಟ್ಟೋ ಉಪಕಾರವೋ ಕಸ್ತೂರಿಗೆ ತಿಳಿಯಲಿಲ್ಲ.

ಶನಿವಾರ ಕೇಂದ್ರದಲ್ಲಿ ಬೇರೆ ಯಾರೂ ಇರಲಿಲ್ಲ. ಕಸ್ತೂರಿ ಕಚ್ಚಾ ನಕ್ಷೆಯನ್ನು ಬಿಡಿಸಿ ಕೂತಳು. ಯಂತ್ರ ತನ್ನ ನಕ್ಷೆಯನ್ನು ಚೊಕ್ಕ ಮಾಡಿಯೇ ಕೊಡುತ್ತಿತ್ತು. ಸಣ್ಣಪುಟ್ಟ ಅಲುಗಾಟಗಳನ್ನೆಲ್ಲ ಹೊಳೆಯ ನಡುಕವೆಂದು ಒರೆಸಿಹಾಕುತ್ತಿತ್ತು. ಹಾಗೆ ಒರೆಸಬೇಕೆಂದು ಅದಕ್ಕೆ ಕಲಿಸಿದವರಲ್ಲಿ ಕಸ್ತೂರಿಯೂ ಒಬ್ಬಳು. ಅಣೆಕಟ್ಟೆಯ ಮೇಲೆ ದುಡಿಯುವವನೆಂದರೆ ಐವತ್ತೈದು ಕಿಲೋಗೆ ಮೇಲ್ಪಟ್ಟ ಗಂಡಾಳು, ಅದಕ್ಕಿಂತ ಹಗುರವಾದದ್ದು ಜಡಭಾರ ಎಂಬ ನಿಯಮವನ್ನು ಬರೆದವಳೂ ಅವಳೇ. ಬರೆಯುವಾಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಅವಳು ಎರಡು ನಿಯಮಗಳನ್ನೂ ತೆಗೆದುಹಾಕಿದಳು.

ನಲವತ್ತಾರು ಕಿಲೋದ ಆ ಗೆರೆ ಈಗ ಸುಮ್ಮನಿರಲಿಲ್ಲ. ಭಾರ ಎಡಕ್ಕೆ ವಾಲುತ್ತಿತ್ತು, ಸ್ವಲ್ಪ ಹೊತ್ತಿಗೆ ಬಲಕ್ಕೆ ವಾಲುತ್ತಿತ್ತು. ಗಟ್ಟಿ ಕೊಳವೆಯ ಮೇಲೆ ಬಹಳ ಹೊತ್ತು ಕೂತು ಕಾಲು ಜೋಮು ಹಿಡಿದವರು ಮಗ್ಗುಲು ಬದಲಾಯಿಸುವ ರೀತಿ ಅದು. ಎರಡು ಗಂಟೆಯ ನಂತರ ತೂಕ ಒಮ್ಮೆಲೆ ಆರು ಕಿಲೋ ಏರಿದ ಜಾಗದಲ್ಲಿ ಹೊಸದೊಂದು ಸಂಗತಿ ಶುರುವಾಗಿತ್ತು. ಸಣ್ಣ ಪೆಟ್ಟುಗಳು, ಒಂದರ ಹಿಂದೊಂದು, ಒಂದೇ ಅಳತೆಯ ಅಂತರದಲ್ಲಿ. ನಡುನಡುವೆ ಇಡೀ ಭಾರ ಮುಂದಕ್ಕೂ ಹಿಂದಕ್ಕೂ ತೂಗುತ್ತಿತ್ತು.

ಕಸ್ತೂರಿ ಇಬ್ಬರನ್ನು ಹೆತ್ತು ಬೆಳೆಸಿದವಳು. ಮರಳಿನ ಚೀಲ ಹೀಗೆ ತೂಗುವುದಿಲ್ಲ, ತಟ್ಟುವುದಿಲ್ಲ. ಆ ಪೆಟ್ಟುಗಳು ತೊಡೆಯ ಮೇಲೆ ಮಲಗಿಸಿಕೊಂಡ ಕೂಸಿನ ಬೆನ್ನು ತಟ್ಟುವ ಕೈಯವು. ಆರು ಕಿಲೋ ಎಂದರೆ ಆರು ತಿಂಗಳ ಕೂಸು. ಹೊಳೆ ಬಂದ ವರ್ಷ ತನಗೆ ಎಷ್ಟು ತಿಂಗಳಾಗಿತ್ತು ಎಂದು ಅವಳು ಲೆಕ್ಕ ಹಾಕಬೇಕಾಗಿಯೇ ಇರಲಿಲ್ಲ. ಪರದೆಯನ್ನು ಆರಿಸಿ, ಉಳಿದ ನಕ್ಷೆಯನ್ನು ನೋಡದೆ ಎದ್ದು ಬಂದುಬಿಟ್ಟಳು.

ಮರುದಿನ ಬೆಳಿಗ್ಗೆ ಸಾವಂತ್ರೆವ್ವ ಅಂಗಳದ ಬಿಸಿಲಿಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಕಸ್ತೂರಿ ಅವಳ ಎದುರಿಗೆ ನೆಲದ ಮೇಲೆಯೇ ಕೂತಳು.

“ಅವ್ವ, ಆವತ್ತ ಅದರ ಮ್ಯಾಲ ಕುಂತಾಕಿ ನೀನ. ನಾ ನಿನ್ನ ತೊಡಿಮ್ಯಾಲ ಇದ್ದೆ.”

ಬಾಚಣಿಗೆ ಕೂದಲಲ್ಲೇ ನಿಂತಿತು. ತಾಯಿ ಮಗಳ ಮುಖವನ್ನು ನೋಡಿದಳು, ಗೋಡೆ ನೋಡಿದಳು, ಮತ್ತೆ ಮಗಳನ್ನು ನೋಡಿದಳು. “ಯಾರ ಹೇಳಿದ್ರು?”

“ಕಬ್ಬಿಣ.”

“ಅದಕ್ಕ ಅಳಿಯ ಅಂತಿದ್ರು,” ಎಂದಳು ಸಾವಂತ್ರೆವ್ವ. “ಯಾಕಂದ್ರ ಬಂದಾಗೆಲ್ಲ ಯಾರರ ಒಬ್ರು ಮುಂದ ಕುಂತು ಉಪಚಾರ ಮಾಡಬೇಕು. ಎದ್ದ್ರ ಸಿಟ್ಟ ಮಾಡ್ಕೊಂಡ ಹೊಂಟ ಹೋಗತಿತ್ತು. ನಿಮ್ಮಪ್ಪನ ಇಟ್ಟ ಹೆಸರದು.” ಅವಳ ಮುಖದಲ್ಲಿ ನಗುವಿನಂಥದೊಂದು ಬಂದು ಹೋಯಿತು. ಆಮೇಲೆ ಅವಳು ಹೇಳುತ್ತ ಹೋದಳು.

ಅಂದು ಖಂಡೇಪೂಜೆ. ಗೇಟಿನ ಮನೆಯಲ್ಲಿ ಸುತ್ತಿಗೆ, ಪಾನ, ಹಾರೆಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಕುಂಕುಮ ಹಚ್ಚಿದ್ದರು. ಅಳಿಯನಿಗೂ ಒಂದು ಚೆಂಡುಹೂವಿನ ಮಾಲೆ ಬಿದ್ದಿತ್ತು. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಹಂಚುವ ತನಕ ಮುಟ್ಟಬಾರದು. ಮುಟ್ಟುವ ಕೆಲಸವೂ ಇಲ್ಲವೆಂದು ಉಳಿದ ಆಳುಗಳು ಪೂಜೆ ಮುಗಿಸಿ ತಮ್ಮ ತಮ್ಮ ಊರಿಗೆ ಹೋಗಿದ್ದರು. ಲಗಮಣ್ಣ ಒಬ್ಬನೇ ಇದ್ದಾನೆಂದು ಸಾವಂತ್ರೆವ್ವ ಹೋಳಿಗೆ ಕಟ್ಟಿಕೊಂಡು, ಕೂಸನ್ನೆತ್ತಿಕೊಂಡು ಮೇಲೆ ಬಂದಿದ್ದಳು.

“ಅಂವ ಇನ್ನೂ ಕೈ ತೊಳೀತಿದ್ದ, ಮ್ಯಾಲಿನ ಹಳ್ಳ ಎಲ್ಲಾ ಒಮ್ಮೆಲೆ ಬಂದ್ವು. ಗೇಟ ಎತ್ತಿದ. ಮೂರನೇದರ ನಾಲಿಗಿ ಫಟ್ ಅಂತ ಮುರದ ಹಾರಿತು. ಮಾಲಿ ಹರದು ಅಳಿಯನ್ನ ತಂದು ಚಕ್ರಕ್ಕ ಕೊಟ್ಟ, ತಾ ಮ್ಯಾಲ ಕುಂತ. ಮಡ್ಡಿಕೇರಿ ಮಂದಿಗೆ ಹೇಳವರು ಯಾರು? ಫೋನ್ ಸತ್ತಿತ್ತು. ಕೂಸಿನ್ನ ಕಟ್ಟಿಕೊಂಡ ನಾ ಆ ಮಳ್ಯಾಗ ಮೂರ ಮೈಲಿ ಓಡಲಾರೆ. ‘ನೀ ಕುಂದರು, ನಾ ಕೂಗಿ ಬರತೇನಿ, ನಾ ಬರೂತನಕ ಏಳಬ್ಯಾಡ’ ಅಂದು ಓಡಿದ.”

“ಅಪ್ಪ ಓಡಿದ್ದು ಊರಿಗೆ ಹೇಳಾಕ?”

“ಮತ್ತೆಲ್ಲಿಗಂತ ತಿಳದಿ? ಅಂವ ಮನಿಮನಿ ಬಾಗಿಲ ಬಡದು ಹೊಂಡಿಸಿದ, ಹೊಳ್ಳಿ ಬರಾಕ ನಡುವಿನ ಹಳ್ಳ ದಾರಿ ಬಿಡಲಿಲ್ಲ. ಆ ಮಂದಿ ಬಂದು ವಿಚಾರಣ್ಯಾಗ ಅವಗ ಒಳ್ಳೇದಾಗಲೆಂತ ಅದನ್ನ ಹೇಳಿದ್ರು. ಹಂಗಾರ ಗೇಟಿನ್ಯಾಗ ಇರಲಿಲ್ಲ ಅಂತ ಸಾಹೇಬ್ರು ಬರಕೊಂಡ್ರು.”

ಅಪ್ಪ ತೀರಿಕೊಳ್ಳುವ ತನಕ ಅವನ ಮೇಲೆ ಒಳಗೊಳಗೇ ಸಂಶಯಪಟ್ಟ ತನ್ನ ಬಗ್ಗೆ ಕಸ್ತೂರಿಗೆ ಅಸಹ್ಯವಾಯಿತು.

“ನೀ ಕೆಳಗ ಗೋಣಿಚೀಲದ ಮ್ಯಾಲ ಮಲಗಿದ್ದಿ,” ತಾಯಿ ಮುಂದುವರಿಸಿದಳು. “ಎದ್ದು ಅಳಾಕ ಹತ್ತಿದಿ. ಕಾಲಿಲೆ ಚೀಲ ಜಗ್ಗಿ ನಿನ್ನ ಎತ್ತಿ ತೊಡಿಮ್ಯಾಲ ಹಾಕ್ಕೊಂಡೆ, ಕುಡಿಸಿದೆ, ತಟ್ಟಿದೆ. ಆದ್ರ ಕುಂತಲ್ಲಿಂದ ಜಾರದಂಗ ಬಾಜೂಕಿನ ಕಟಕಟಿ ಹಿಡಿಯಾಕ ಎರಡೂ ಕೈ ಬೇಕು. ಒಂದ ಕೈ ಜಾರಿತು, ಗೇಟ ಗೇಣುದ್ದ ಇಳೀತು. ಮತ್ತ ನಿನ್ನ ಕೆಳಗ ಇಟ್ಟೆ. ಸೂರ ಸೋರತಿತ್ತು, ನೆಲದ ಮ್ಯಾಲ ನೀರ. ನೀ ಅತ್ತಿ, ಅತ್ತಿ… ಅಳುವಷ್ಟ ಹೊತ್ತು ನನಗ ಧೈರ್ಯ ಇತ್ತವ್ವ. ಕೂಸ ಜೀವಂತ ಐತಿ ಅಂತ. ಒಮ್ಮೆ ಅಳು ನಿಂತಬಿಡ್ತು. ಬಗ್ಗಿ ನೋಡಿದ್ರ ತುಟಿ ನೀಲಿ ಆಗಿದ್ವು. ಎದ್ದೆ.”

ಅವಳು ಬಾಚಣಿಗೆಯನ್ನು ಕೂದಲಿನಿಂದ ಬಿಡಿಸಿ ಪಕ್ಕಕ್ಕಿಟ್ಟಳು.

“ಗೇಟ ದಡ್ ಅಂತ ಬಿತ್ತು. ಅಳಿಯ ಹಾರಿ ಎಲ್ಲಿ ಹೋದನೋ ಗೊತ್ತಿಲ್ಲ. ನಿನ್ನ ಎದಿಗವಚಿಕೊಂಡು ಹೊರಗ ಬಂದೆ, ಎಡದಂಡಿ ಏರಿ ಇಲ್ಲ, ಮಡ್ಡಿಕೇರಿ ಇಲ್ಲ. ಬರೇ ಕೆಂಪ ನೀರ. ನಾ ಬಿಟ್ಟೆ, ಏಳ ಮಂದಿ ಹೋದ್ರು. ದನಾ ಬಿಡಿಸಿಕೊಂಡ ಬರತೇವಂತ ಹೊಳ್ಳಿ ಹೋದ ಮಂದಿ ಅವರು. ಇನ್ನರ್ಧ ತಾಸ ಕುಂತಿದ್ರ ಉಳೀತಿದ್ರೇನೋ.”

“ಇಷ್ಟ ವರ್ಷ ನನಗ ಯಾಕ ಹೇಳಲಿಲ್ಲ?”

“ನಿಮ್ಮಪ್ಪ ಆಣಿ ಹಾಕಿದ್ದ. ನಾ ಕುಂತಿದ್ದೆ ಅಂದ್ರ ಸರಕಾರಿ ಗೇಟ ಹೇಂತಿ ಕೈಯಾಗ ಕೊಟ್ಟ ಅಂತ ಇಬ್ಬರನ್ನೂ ಒಳಗ ಹಾಕತಿದ್ರು, ಪುಸ್ತಕದಾಗ ಇಲ್ಲದ ಅಳಿಯನ ಸುದ್ದಿನೂ ಹೊರಗ ಬರತಿತ್ತು. ಅದು ದೊಡ್ಡದಲ್ಲ. ‘ಆ ಕೂಸಿನ ಸಲುವಾಗಿ ಏಳ ಮಂದಿ ಸತ್ರು ಅಂತ ಊರ ಮಾತಾಡತೈತಿ, ಅದು ಅದನ್ನ ಹೊತಗೊಂಡು ಬೆಳೀಬೇಕಾಗತೈತಿ, ನನ್ನ ಮ್ಯಾಲ ಇರಲಿ ಬಿಡು’ ಅಂದ.”

ಕಸ್ತೂರಿ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಪ್ಪನಿಗಾಗಿ ಅತ್ತಳು, ಹೆಸರೂ ಗೊತ್ತಿಲ್ಲದ ಆ ಏಳು ಜನಕ್ಕಾಗಿ ಅತ್ತಳು. ಸುಮ್ಮನಿದ್ದರೆ ನಾಳೆ ಅಪ್ಪ ಓಡಿದವನೆಂದು ಫಲಕವಾಗುತ್ತದೆ. ಬಾಯಿ ಬಿಟ್ಟರೆ ಅವ್ವ ಕೈಬಿಟ್ಟವಳೆಂದು ಆಗುತ್ತದೆ. ಸಾವಂತ್ರೆವ್ವನಿಗೆ ಮಾತ್ರ ಅದರಲ್ಲಿ ಗೊಂದಲವೇ ಇರಲಿಲ್ಲ.

“ನನ್ನ ಹೆಸರ ಬರಿ,” ಎಂದಳು. “ನಾನರ ಎಷ್ಟ ದಿನ ಇರತೇನಿ? ಅಂವ ಓಡಲಿಲ್ಲ, ಹೇಂತಿ ಬಿಟ್ಳು ಅಂತ ಬರಿ.”

ಸೋಮವಾರ ಕಸ್ತೂರಿ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಹೋದಳು. ತಾಯಿಯ ಹೆಸರು ಬರೆಯುವ ಮುಂಚೆ ತಾನು ಅಂದು ನೋಡದೆ ಬಿಟ್ಟ ಕೊನೆಯ ಭಾಗವನ್ನು ನೋಡಿಬಿಡಬೇಕು ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು. ನಕ್ಷೆಯನ್ನು ಕೊನೆಯ ತಾಸಿಗೆ ತಂದಳು. ನೋಡಿದಳು. ಎರಡು ಸಲ ನೋಡಿದಳು. ಮೂರನೆಯ ಸಲ ನೋಡುವಾಗ ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು. ತಾನು ನೋಡಬೇಕೆಂದು ಬಯಸಿದ್ದನ್ನೇ ನೋಡುತ್ತಿದ್ದೇನೆ ಎನಿಸಿತು. ಗಲಗಲಿಯವರು ಬಂದ ಕೂಡಲೇ ಅವರನ್ನು ನೆಲಮಾಳಿಗೆಗೆ ಕರೆತಂದಳು.

“ಇಲ್ಲಿಂದ ಕೊನೀ ತನಕ ಓದ್ರಿ ಸರ್. ನಾ ಏನೂ ಹೇಳೂದಿಲ್ಲ.”

ಅವರು ಕನ್ನಡಕ ಸರಿಮಾಡಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ, “ಇದು ಚೀಲ ಅಲ್ಲ. ಮನಷಾರು,” ಎಂದರು. ಇನ್ನಷ್ಟು ಹೊತ್ತಿಗೆ ಪರದೆಯ ಮೇಲೆ ಒಂದು ಕಡೆ ಬೆರಳಿಟ್ಟರು. “ಮೂರು ತಾಸು ನಲವತ್ತೆರಡು ನಿಮಿಷಕ್ಕ ಒಂದು ದೊಡ್ಡ ಧಕ್ಕಿ ಅದ. ಗೇಟಿನ ಕಡಿಂದ ಬಂದಿದ್ದಲ್ಲ, ಅಡ್ಡ ಬಂದದ, ಎಡದಂಡಿ ಕಡಿಂದ. ಅದರ ಹಿಂದನ ಚಕ್ರದ ಮ್ಯಾಲಿನ ಜಗ್ಗಾಟ ಇಳೀಲಿಕ್ಕೆ ಹತ್ತೇದ. ಇಳಕೋತ ಹೊಂಟದ.” ಅವರು ತಿರುಗಿ ನೋಡಿದರು. “ಜಲಾಶಯದಾಗ ನೀರು ಇಳಿಯೂದು ಯಾವಾಗ?”

ಕಸ್ತೂರಿ ಬಾಯಿ ಬಿಡಲಿಲ್ಲ. ಬಿಟ್ಟರೆ ಅಳು ಬರುತ್ತಿತ್ತು.

“ಏರಿ ಒಡದದ,” ಎಂದರು ಗಲಗಲಿ. “ಇಲ್ಲೆ ಒಡದದ. ಗೇಟ ಎತ್ತಿ ಹಿಡದಿದ್ದಾಗನ ಒಡದದ. ಆಮ್ಯಾಲನೂ ಆ ಮನಷಾರು ಕೂತ ಇದ್ದಾರ. ಮೂವತ್ತೆಂಟು ನಿಮಿಷ ಕೂತು, ಆಮ್ಯಾಲೆ ಎದ್ದಾರ.” ಅವರು ಕನ್ನಡಕ ತೆಗೆದರು. “ವಿಚಾರಣಾ ವರದಿ ತಲಿಕೆಳಗದ. ಗೇಟ ಬಿದ್ದು ಏರಿ ಒಡೀಲಿಲ್ಲ. ಏರಿ ಒಡದ ಮ್ಯಾಲ ಗೇಟ ಬಿದ್ದದ. ಮಡ್ಡಿಕೇರಿಯೊಳಗ ಮುನ್ನೂರ ಮಂದಿ ಇದ್ರು ಅಂತ ಓದೇನಿ. ಗೇಟ ಮೊದಲ ಬಿದ್ದಿದ್ರ ಏರಿ ಅರ್ಧ ತಾಸೂ ತಾಳತಿರಲಿಲ್ಲ, ಒಬ್ಬರೂ ಹೊರಗ ಬೀಳತಿರಲಿಲ್ಲ. ಯಾರ ಇದ್ರು ಅದರ ಮ್ಯಾಲ?”

“ನಮ್ಮವ್ವ,” ಎಂದಳು ಕಸ್ತೂರಿ.

ಅಂದು ಪೆಟ್ಟಿಗೆ ಒಯ್ಯಲು ಬಂದವರಿಗೆ ಫಲಕ ಸಿಗಲಿಲ್ಲ. ಬರಿ ಫಲಕದಿಂದ ತೀರುವ ವಿಷಯ ಇದಲ್ಲವೆಂದೂ, ತಾವು ಸ್ವಂತ ಹೆಸರಿನಲ್ಲಿ ಸರಕಾರಕ್ಕೆ ವರದಿ ಬರೆಯುವುದಾಗಿಯೂ ಹೇಳಿ ಗಲಗಲಿಯವರು ಅವರಿಗೆ ಚಹಾ ಕುಡಿಸಿ ವಾಪಸು ಕಳಿಸಿದರು. ಕಸ್ತೂರಿ ಆ ವೇಳೆಗೆ ಮನೆಯ ಮೆಟ್ಟಿಲು ಹತ್ತುತ್ತಿದ್ದಳು.

ಸಾವಂತ್ರೆವ್ವ ಒಲೆಯ ಮುಂದಿದ್ದಳು. ಕಸ್ತೂರಿ ಬೆಂಕಿ ಆರಿಸಿ, ತಾಯಿಯನ್ನು ತೋಳು ಹಿಡಿದು ತಂದು ಕೂರಿಸಿ, ಒಂದೊಂದನ್ನೇ ಬಿಡಿಸಿ ಹೇಳಿದಳು. ಧಕ್ಕೆ ಯಾವಾಗ ಬಂತು, ಎಲ್ಲಿಂದ ಬಂತು, ನೀರು ಯಾವಾಗ ಇಳಿಯಿತು, ಅವಳು ಯಾವಾಗ ಎದ್ದಳು.

“ಆವಾಗ ಎಲ್ಲಾನೂ ನಡಗತಿತ್ತು,” ಎಂದಳು ಸಾವಂತ್ರೆವ್ವ. “ಯಾವ ನಡುಕ ಯಾವದರದು ಅಂತ ನನಗೇನ ತಿಳೀಬೇಕು?”

“ನಿನಗ ತಿಳೀಲಿಲ್ಲ. ಅಳಿಯನಿಗೆ ತಿಳದಿತ್ತು. ನೀ ಎದ್ದಿದ್ದಕ್ಕ ಯಾರೂ ಸಾಯಲಿಲ್ಲವ್ವ. ನೀ ಕುಂತಿದ್ದಕ್ಕ ಮುನ್ನೂರ ಮಂದಿ ಉಳದ್ರು.”

“ಖರೇನ?”

“ಖರೇ. ಸಾಹೇಬ್ರು ಬ್ಯಾರೆ ಓದ್ಯಾರ, ನಾ ಬ್ಯಾರೆ ಓದೇನಿ.”

“ನಿಮ್ಮಪ್ಪಗ ಇದು ಗೊತ್ತಿರಲಿಲ್ಲ,” ಎಂದಳು ತಾಯಿ. ಅದು ಪ್ರಶ್ನೆಯಾಗಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ಮೈಯಿಂದ ನಲವತ್ತು ವರ್ಷದ ಭಾರ ಇಳಿಯುವುದನ್ನು ನೋಡಬೇಕೆಂದು ಕಸ್ತೂರಿ ದಾರಿಯುದ್ದಕ್ಕೂ ಆಸೆಪಟ್ಟು ಬಂದಿದ್ದಳು. ಆದರೆ ತಾಯಿಯ ಮುಖ ಇನ್ನಷ್ಟು ಕಂಗೆಟ್ಟಂತೆ ಕಂಡಿತು. ಅವಳು ಬೆರಳು ಮಡಚಿ ಮಡಚಿ ಏನನ್ನೋ ಎಣಿಸುತ್ತಿದ್ದಳು.

“ಏರಿ ಒಡದ ಮ್ಯಾಲ ಎಷ್ಟ ಹೊತ್ತ ಕುಂತೆ ಅಂದಿ?”

“ಮೂವತ್ತೆಂಟ ನಿಮಿಷ.”

ಸಾವಂತ್ರೆವ್ವ ಕೈ ಚಾಚಿ, ತಲೆಗೂದಲು ನೆರೆಯಲು ಶುರುವಾಗಿದ್ದ ಮಗಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು.

“ಹಂಗಾರ ಮೂವತ್ತೆಂಟ ನಿಮಿಷ ಸುಮ್ಮಸುಮ್ಮನ ಅಳಿಸಿಬಿಟ್ಟೆನಲ್ಲವ್ವ ನಿನ್ನ,” ಎಂದಳು.